ಅಲುಗಿದ ಫೋಟೊ

ನಾನು ಒಂದು ಕ್ಯಾಮೆರಾ ಸ್ಟ್ಯಾಂಡು. ಕ್ಯಾಮೆರಾ ಅಲ್ಲ, ಕ್ಯಾಮೆರಾವನ್ನು ಹೊತ್ತು ನಿಲ್ಲುವ ಮೂರು ಕಾಲು. ಫೋಟೊ ಚೆನ್ನಾಗಿ ಬಂದರೆ ಜನ ಕ್ಯಾಮೆರಾವನ್ನು ಹೊಗಳುತ್ತಾರೆ, ತೆಗೆದವರನ್ನು ಹೊಗಳುತ್ತಾರೆ, ತಮ್ಮ ಮೂಗನ್ನು ತಾವೇ ಮೆಚ್ಚಿಕೊಳ್ಳುತ್ತಾರೆ. ಕೆಟ್ಟರೆ ಮಾತ್ರ ಕಣ್ಣು ಕೆಳಗಿಳಿದು ನನ್ನ ಕಾಲಿನ ಕಡೆ ಬರುತ್ತದೆ. ಅದಕ್ಕೆ ನಾನೇನೂ ಬೇಜಾರು ಮಾಡಿಕೊಂಡಿಲ್ಲ. ಅಲುಗದೆ ನಿಲ್ಲುವುದು ನನ್ನ ಕೆಲಸ, ನಿಂತೆ.

ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಮೋನಪ್ಪ ಬಡಿಗೇರ ಎಂಬವನ ಪಡಸಾಲೆಯಲ್ಲಿ. ಅದಕ್ಕೂ ಮುಂಚೆ ನಾನು ಯಾರದೋ ಮನೆಯ ಸಾಗವಾನಿ ಬಾಗಿಲಾಗಿದ್ದೆನಂತೆ. ಫೋಟೊ ಸ್ಟುಡಿಯೊದ ಈರಸಂಗಪ್ಪನವರು ಆ ಬಾಗಿಲನ್ನು ಹೊರಿಸಿಕೊಂಡು ಬಂದು, ತಮಗೆ ಬೇಕಾದದ್ದನ್ನು ಇದ್ದಿಲಿನಿಂದ ನೆಲದ ಮೇಲೆ ಬರೆದು ತೋರಿಸಿದರು. ಮಗ್ಗ, ತೊಟ್ಟಿಲು, ಹೊಸ್ತಿಲು ಬಿಟ್ಟು ಬೇರೆ ಏನನ್ನೂ ಮಾಡಿ ಗೊತ್ತಿಲ್ಲದ ಮೋನಪ್ಪ ತಲೆ ಕೆರೆದುಕೊಂಡ.

"ಮೂರು ಕಾಲು ಯಾಕ್ರಿ? ನಾಕು ಹಚ್ಚತೀನಿ, ಗಟ್ಟಿ ಇರತೈತಿ."

"ನಾಕು ಹಚ್ಚಿದ್ರ ಒಂದು ಯಾವಾಗ್ಲೂ ನೆಲ ಬಿಟ್ಟು ನಿಂತಿರತೈತಿ, ಮೋನಪ್ಪ. ಮೂರಿದ್ರ ತಗ್ಗಿರ್ಲಿ, ದಿಬ್ಬಿರ್ಲಿ, ಮೂರೂ ಊರತಾವು."

ಮೋನಪ್ಪ ಒಪ್ಪಲಿಲ್ಲ, ಆದರೆ ಮಾಡಿದ. ಕಾಲಿನ ತುದಿಗೆ ಕಬ್ಬಿಣದ ಮೊನೆ, ತಲೆಗೆ ಹಿತ್ತಾಳೆಯ ತಟ್ಟೆ, ಉದ್ದ ಗಿಡ್ಡ ಮಾಡಲು ತಿರುಪು. ಎಲ್ಲ ಮುಗಿದ ಮೇಲೆ ತಾನೇ ನನ್ನ ಮೇಲೆ ಕೈಯೂರಿ, ಮೈಭಾರ ಹಾಕಿ ನೋಡಿದ. ನಾನು ಮಿಸುಕಲಿಲ್ಲ. "ಹೂಂ" ಎಂದು ಬೀಡಿ ಹಚ್ಚಿದ.

ನನ್ನ ಯಜಮಾನರಾದ ಈರಸಂಗಪ್ಪನವರ ಸ್ಟುಡಿಯೊ ಬಜಾರಿನ ಮಹಡಿಯ ಮೇಲಿತ್ತು. ಮೇಲ್ಗಡೆ ಗಾಜಿನ ಹಂಚು, ಎದುರಿಗೆ ಬಣ್ಣ ಬಳಿದ ಪರದೆ, ಪರದೆಯಲ್ಲಿ ಯಾವ ಊರಿನಲ್ಲೂ ಇಲ್ಲದ ಒಂದು ಸರೋವರ. ನನ್ನ ತಲೆಯ ಮೇಲೆ ಗಾಜಿನ ಪ್ಲೇಟು ಹಾಕುವ ದೊಡ್ಡ ಕ್ಯಾಮೆರಾ, ಅದರ ಬೆನ್ನಿನಿಂದ ನೆಲದವರೆಗೆ ಇಳಿಬಿದ್ದ ಕರಿ ಬಟ್ಟೆ. ಯಜಮಾನರು ಕರಿ ಬಟ್ಟೆಯೊಳಗೆ ಹೊಕ್ಕು ಮುಖ ಸರಿಯಾಗಿ ಕೂಡಿಸುವರು, ಹೊರಗೆ ಬಂದು ಪ್ಲೇಟು ತೂರಿಸುವರು, ಆಮೇಲೆ ಮುಂದೆ ನಿಂತು ಕೈಯಿಂದ ಕ್ಯಾಮೆರಾದ ಗಾಜಿನ ಕಣ್ಣಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚುವರು. ಮೋಡವಿದ್ದ ದಿನ ಆ ಎಣಿಕೆ ಉದ್ದವಾಗುತ್ತಿತ್ತು. ಅಷ್ಟೂ ಹೊತ್ತು ಕೂತವರು ಕೂತ ಹಾಗೆ, ನಾನು ನಿಂತ ಹಾಗೆ. ಮುಚ್ಚಳ ತೆಗೆಯುವ ಮುಂಚೆ ಬಂದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು.

"ಅಲುಗಿದವ್ರ ಮುಖ ಅಲುಗೇ ಬರತೈತಿ. ಅಲುಗಲಾರದವ್ರದು ಇದ್ದಂಗ ಬರತೈತಿ. ಕ್ಯಾಮೆರಾ ಅಂತೂ ಅಲುಗಂಗಿಲ್ಲ, ಸಾಗವಾನಿ ಮ್ಯಾಲೆ ಐತಿ, ಎತ್ತು ಬಂದು ಹಾಯ್ದರೂ ಅಲುಗಂಗಿಲ್ಲ!"

ಎತ್ತಿನ ಮಾತು ಸ್ವಲ್ಪ ಹೆಚ್ಚಾಯಿತು. ಆದರೂ ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು.

ಜನರ ಭಯಗಳನ್ನೂ ನಾನು ಅಲ್ಲೇ ನಿಂತು ಕಲಿತೆ. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವವರಿದ್ದರು. ಮೂರು ಮಂದಿ ಕೂಡಿ ತೆಗೆಸಿದರೆ ಒಬ್ಬರು ಉಳಿಯುವುದಿಲ್ಲ ಎನ್ನುವವರಂತೂ ಓಣಿಗೊಬ್ಬರು. ಗಂಡ, ಹೆಂಡತಿ, ಕೂಸು ಬಂದರೆ ಯಜಮಾನರು ಏನೂ ಮಾತಾಡದೆ ಕಪಾಟಿನಿಂದ ಒಂದು ಮಣ್ಣಿನ ಗೊಂಬೆ ತೆಗೆದು ಕೂಸಿನ ಕೈಗೆ ಕೊಡುತ್ತಿದ್ದರು. ನಾಲ್ಕಾಯಿತಲ್ಲ, ಎಲ್ಲರಿಗೂ ಸಮಾಧಾನ. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಆ ಗೊಂಬೆ ಮನೆಯವರ ಹಾಗೆ ಕೂತಿತ್ತು.

ಇನ್ನು ಸಂಕಟದ ಮಾತು.

ಯಜಮಾನರಿಗೆ ಐವತ್ತು ದಾಟಿದ ಮೇಲೆ ಕೈ ನಡುಗತೊಡಗಿತು. ಮೊದಲು ಗೊತ್ತಾದದ್ದು ಚಹಾದ ಕಪ್ಪಿನ ಕೆಳಗಿನ ಬಸಿಯಿಂದ. ಬಸಿಯೊಳಗೆ ಕಪ್ಪು ಕಟಕಟ ಎನ್ನುತ್ತಿತ್ತು. ಅವರು ಬಸಿ ಬಿಟ್ಟು ಲೋಟ ಹಿಡಿದರು, ಲೋಟ ಬಿಟ್ಟು ಚಹಾವನ್ನೇ ಬಿಟ್ಟರು. ಫೋಟೊ ತೆಗೆಯುವವನ ಕೈ ನಡುಗುತ್ತದೆ ಎಂದು ಊರಿಗೆ ಗೊತ್ತಾದರೆ ಕಥೆ ಮುಗಿಯಿತು. ಮಾತಾಡುವಾಗೆಲ್ಲ ಅವರು ಎರಡೂ ಕೈಯಿಂದ ನನ್ನನ್ನು ಹಿಡಿದುಕೊಂಡೇ ನಿಲ್ಲತೊಡಗಿದರು. ಜನ ಅದನ್ನು ಠೀವಿ ಎಂದುಕೊಂಡರು. ಆ ಬೆರಳುಗಳ ಒದ್ದಾಟ ಗೊತ್ತಿದ್ದದ್ದು ನನಗೊಬ್ಬನಿಗೇ. ಬಜಾರಿನ ಆ ತುದಿಯಲ್ಲಿ ಹೊಸ ಹುಡುಗನೊಬ್ಬ ಸಣ್ಣ ಕ್ಯಾಮೆರಾ ಕೈಯಲ್ಲೇ ಹಿಡಿದು ಮದುವೆ ಮನೆಗಳಲ್ಲಿ ಓಡಾಡುತ್ತಿದ್ದ. "ನೀವೂ ಹಂಗ ತಗೀರಲ್ಲ" ಎಂದು ಯಾರಾದರೂ ಅಂದರೆ ಯಜಮಾನರು, "ಸ್ಟ್ಯಾಂಡ್ ಇಲ್ದ ತಗದದ್ದು ಫೋಟೊನ ಅಲ್ಲ" ಎಂದು ಬಿಗಿದುಕೊಂಡು ಹೇಳುತ್ತಿದ್ದರು.

ನೇಕಾರರ ಓಣಿಯಲ್ಲಿ ಮುರಿಗೆಪ್ಪ, ಬಾಳವ್ವ ಎಂಬ ಗಂಡ ಹೆಂಡತಿ ಇದ್ದರು. ಕುಪ್ಪಸದ ಖಣ ನೇಯುವವರು. ಅವರಿಗೆ ಹುಟ್ಟಿದ ಮಕ್ಕಳು ನಿಲ್ಲಲಿಲ್ಲ. ಕಡೆಗೊಂದು ಹೆಣ್ಣು ಹುಟ್ಟಿದಾಗ ಅದನ್ನು ತಿಪ್ಪೆಯಲ್ಲಿ ಹೊರಳಾಡಿಸಿ, ಮೂಗು ಚುಚ್ಚಿಸಿ, ತಿಪ್ಪವ್ವ ಎಂದು ಹೆಸರಿಟ್ಟರು. ಕಸ ಎಂದುಕೊಂಡು ಯಮ ಬಿಟ್ಟು ಹೋಗಲಿ ಎಂಬ ಆಸೆ. ಅದಕ್ಕೆ ಹೊಸ ಬಟ್ಟೆ ಹಾಕಲಿಲ್ಲ, ಚೆಂದ ಇದ್ದೀಯೆಂದು ಯಾರೂ ಅನ್ನಲಿಲ್ಲ, ಫೋಟೊ ಅಂತೂ ತೆಗೆಸಲೇ ಇಲ್ಲ. ಇಷ್ಟೆಲ್ಲ ಮಾಡಿ ಕಾಯ್ದ ಕೂಸು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಒಂದು ಜ್ವರದಲ್ಲಿ ಹೋಗಿಬಿಟ್ಟಿತು.

ಅವತ್ತು ಮಧ್ಯಾಹ್ನ ಮುರಿಗೆಪ್ಪ ಸ್ಟುಡಿಯೊದ ಮೆಟ್ಟಿಲ ಬುಡದಲ್ಲಿ ಬಂದು ನಿಂತ. ಮೇಲೆ ಹತ್ತಲಿಲ್ಲ.

"ಅಣ್ಣಾರ, ನಮ್ಮ ಕೂಸಿನ ಮುಖ ಒಂದು ತಗೀಬೇಕ್ರಿ. ಹೊತ್ತು ಮುಳುಗೂದರಾಗ ಮಣ್ಣು ಮಾಡತಾರ. ಮನ್ಯಾಗ ಒಂದೂ ಫೋಟೊ ಇಲ್ರಿ."

ಯಜಮಾನರು ನನ್ನನ್ನು ಹೆಗಲಿಗೇರಿಸಿಕೊಂಡರು. ಕ್ಯಾಮೆರಾ ಪೆಟ್ಟಿಗೆ ಮುರಿಗೆಪ್ಪ ಹೊತ್ತ.

ಅವರದು ಕುಣಿಮಗ್ಗದ ಮನೆ. ನೆಲದಲ್ಲಿ ಕುಣಿ ತೋಡಿ, ನೇಯುವವನು ಅದರೊಳಗೆ ಕಾಲು ಇಳಿಬಿಟ್ಟು ಕೂಡುವ ಮಗ್ಗ. ಮನೆಯೊಳಗೆ ಮಗ್ಗ ಬಿಟ್ಟರೆ ಉಳಿದ ಜಾಗ ಸ್ವಲ್ಪ, ಬೆಳಕು ಅದಕ್ಕಿಂತ ಸ್ವಲ್ಪ. ಮಗ್ಗದ ಕಂಬಕ್ಕೆ ಒರಗಿ ಬಾಳವ್ವ ಕೂತಿದ್ದಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಮಣ್ಣು ಕೊಡುವುದು. ಹಾಗಾಗಿ ತಿಪ್ಪವ್ವನನ್ನೂ ತಾಯಿಯ ತೊಡೆಯ ಮೇಲೆ ಕೂಡಿಸಿದ್ದರು. ಹಣೆಗೆ ವಿಭೂತಿ, ಮೈಗೆ ಹೊಸ ಖಣದ ಝಂಪರು. ಅದರ ಮೊದಲ ಹೊಸ ಬಟ್ಟೆ. ಡಾಕ್ಟರು ಬೆಳಿಗ್ಗೆಯೇ ನಾಡಿ ನೋಡಿ ಕೈ ಚೆಲ್ಲಿ ಹೋಗಿದ್ದರು.

ಮುರಿಗೆಪ್ಪ ಹೆಂಡತಿಯ ಪಕ್ಕ ಕೂಡಲು ಹೋದ. ಮೂಲೆಯಲ್ಲಿದ್ದ ಅವನ ತಾಯಿ ಕೂಗಿದಳು.

"ಮೂರು ಮಂದಿ ಆಕ್ಕೀರೋ! ಬ್ಯಾಡ, ಏಳು, ಏಳು!"

ಇನ್ನೇನು ಕೆಡುವುದು ಬಾಕಿಯಿತ್ತು? ಆದರೂ ಆ ಭಯ ಆ ಮನೆಯಲ್ಲಿ ಸತ್ತಿರಲಿಲ್ಲ. ನಾಲ್ಕನೆಯವರಾಗಿ ಹೆಣದ ಜೊತೆ ಕೂಡಲು ನೆರೆಯವರು ಯಾರೂ ಮುಂದೆ ಬರಲಿಲ್ಲ. ಮುದುಕಿ ತಾನು ವಿಧವೆ, ತಾನು ಬರಬಾರದು ಎಂದಳು. ಗೊಂಬೆ ಸ್ಟುಡಿಯೊದಲ್ಲಿ ಉಳಿದಿತ್ತು. ಮುರಿಗೆಪ್ಪ ಎದ್ದು ಹಿಂದೆ ಸರಿದ. ಬಾಳವ್ವ ಅವನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಬೆಳಗಿನಿಂದ ಅವನ ಕಣ್ಣಿನಲ್ಲಿ ಒಂದು ಹನಿ ನೀರು ಬಂದಿರಲಿಲ್ಲ.

ಯಜಮಾನರು ನನ್ನನ್ನು ಅವಳ ಎದುರಿಗೆ ನಿಲ್ಲಿಸಿದರು. ಎರಡು ಕಾಲು ಗಟ್ಟಿ ನೆಲಕ್ಕೆ, ಹಿಂದಿನ ಕಾಲು ಕುಣಿಯ ಅಂಚಿಗೆ. ಅಂಚಿನ ಮಣ್ಣು ಮೆದು. ಅವರು ಕರಿ ಬಟ್ಟೆಯೊಳಗೆ ಹೊಕ್ಕು ಮುಖ ಕೂಡಿಸಿ ಹೊರಬಂದು, ಮುಂದೆ ಹೋಗಿ ನಿಂತು ಎಂದಿನ ಮಾತನ್ನು ಮೆಲ್ಲಗೆ ಹೇಳಿದರು.

"ತಂಗಿ, ಅಲುಗಿದವ್ರ ಮುಖ ಅಲುಗೇ ಬರತೈತವ್ವ. ಬೆಳಕು ಕಡಿಮಿ ಐತಿ, ಭಾಳ ಹೊತ್ತು ಹಿಡೀತೈತಿ. ಉಸುರು ಬಿಗಿ ಹಿಡಿ. ಕ್ಯಾಮೆರಾದ ಚಿಂತಿ ಬ್ಯಾಡ, ಅದು ಅಲುಗಂಗಿಲ್ಲ."

ಬಾಳವ್ವ ಉಸಿರು ಹಿಡಿದಳು. ಅಷ್ಟರಲ್ಲಿ ನನ್ನ ಹಿಂದಿನ ಕಾಲು ಕುಣಿಯ ಕಡೆ ಒಂದಿಷ್ಟು ಜಾರಿತು. ಅದನ್ನು ಕಂಡವನು ಹಿಂದೆ ನಿಂತಿದ್ದ ಮುರಿಗೆಪ್ಪ ಒಬ್ಬನೇ. ಫೋಟೊ ಕೆಟ್ಟೀತೆಂದು ಕುಣಿಯಲ್ಲಿಳಿದು ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ನನ್ನ ಕಾಲನ್ನು ಬಿಗಿಯಾಗಿ ಹಿಡಿದ. ಇಳಿಬಿದ್ದ ಕರಿ ಬಟ್ಟೆ ಅವನ ತಲೆಯ ಮೇಲೆ ಬಿತ್ತು. ಯಜಮಾನರು ಮುಚ್ಚಳ ತೆಗೆದರು.

ಆ ಕತ್ತಲೆಯೊಳಗೆ, ಯಾರೂ ನೋಡದ ಆ ಒಂದೇ ಜಾಗದಲ್ಲಿ, ಮುರಿಗೆಪ್ಪ ಅತ್ತ.

ದನಿ ತೆಗೆಯಲಿಲ್ಲ. ಹಲ್ಲು ಕಚ್ಚಿ, ಹಣೆಯನ್ನು ನನ್ನ ಕಾಲಿಗೊತ್ತಿ ಬಿಕ್ಕಿದ. ಒಂದೊಂದು ಬಿಕ್ಕೂ ಅವನ ಮುಂಗೈಯಿಂದ ನನ್ನ ಕಾಲಿಗೆ, ಕಾಲಿನಿಂದ ತಲೆಗೆ, ತಲೆಯಿಂದ ಕ್ಯಾಮೆರಾಕ್ಕೆ ಏರಿತು. ನನ್ನ ಕೈಲಾದಷ್ಟು ತಡೆದೆ. ಬಿಡಪ್ಪಾ, ಬಿಡು, ಜಾರಿದರೆ ಜಾರುತ್ತೇನೆ, ನೀನು ಹಿಡಿಯಬೇಡ ಎಂದು ಒಳಗೇ ಕೂಗಿಕೊಂಡೆ. ಮರದ ಕೂಗು ಯಾರಿಗೆ ಕೇಳಬೇಕು? ಮುಂದೆ ಬಾಳವ್ವ ಕಲ್ಲಿನ ಹಾಗೆ ಕೂತಿದ್ದಳು. ಕೂಸು ಮಿಸುಕಲಿಲ್ಲ. ಅದರ ಎದುರಿಗೇ ನಿಂತು ನೋಡಿದ್ದೇನೆ, ಒಂದು ರೆಪ್ಪೆಯೂ ಮಿಸುಕಲಿಲ್ಲ. ಮುಚ್ಚಳ ಬಿತ್ತು. ಮುರಿಗೆಪ್ಪ ಮುಖ ಒರೆಸಿಕೊಂಡು ಹೊರಬಂದ, ಒಣಗಿದ ಕಣ್ಣಿನಿಂದ.

ಸ್ಟುಡಿಯೊಕ್ಕೆ ಮರಳಿದ ಮೇಲೆ, ಕತ್ತಲೆ ಕೋಣೆಯಿಂದ ಪ್ಲೇಟು ಹಿಡಿದು ಬಂದ ಯಜಮಾನರು ಗೋಡೆಗೊರಗಿ ಕೂತುಬಿಟ್ಟರು. ತಾಯಿ, ಮಗಳು, ಕಂಬ, ಗೋಡೆ, ಎಲ್ಲವೂ ಅಲುಗಿ ಒಂದರ ಮೇಲೊಂದು ಬಂದಿತ್ತು. ಅವರು ತಮ್ಮ ಬಲಗೈಯನ್ನು ಎತ್ತಿ ಹಿಡಿದು ನೋಡಿದರು. "ಮುಚ್ಚಳ ತಗಿಯೂ ಮುಂದ ಕ್ಯಾಮೆರಾಕ್ಕ ಬಡದಿದ್ದೀ, ಹಾಳಾದ್ದೆ" ಎಂದು ಆ ಕೈಯನ್ನು ಇನ್ನೊಂದು ಕೈಯಿಂದ ಹೊಡೆದುಕೊಂಡರು. ಅವರ ಕೈ ನನಗಾಗಲಿ ಕ್ಯಾಮೆರಾಕ್ಕಾಗಲಿ ತಾಕಿರಲೇ ಇಲ್ಲ. ಅದನ್ನು ಹೇಳಲಾಗದ ನನ್ನ ಹಣೆಬರಹವನ್ನು ನಾನು ಅವತ್ತು ಶಪಿಸಿದೆ.

ಬಾಳವ್ವ ದಿನಾ ಬಂದು ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಕೊಡದೆ ವಿಧಿಯಿರಲಿಲ್ಲ. ಸತ್ತವರ ಫೋಟೊಕ್ಕೆ ಮಾಡುವ ಹಾಗೆ ಸುತ್ತಲಿನ ಗೋಡೆ, ಕಂಬ ಎಲ್ಲ ಅಳಿಸಿ ಬಿಳಿ ಮಾಡಿ, ನಡುವೆ ಎರಡು ಮುಖ ಮಾತ್ರ ಉಳಿಸಿ, ಸಣ್ಣದಾಗಿ ಅಚ್ಚು ಹಾಕಿ ಕೊಟ್ಟರು. ಸಣ್ಣದಾದರೆ ಕಾಣಲಿಕ್ಕಿಲ್ಲ ಎಂದು ಅವರ ಎಣಿಕೆ. ತಾಯಿಯ ಕಣ್ಣಿಗೆ ಸಣ್ಣದು ದೊಡ್ಡದು ಎಂದಿದೆಯೇ? ಮರುವಾರ ಬಂದು ಫೋಟೊವನ್ನು ಮೇಜಿನ ಮೇಲಿಟ್ಟಳು. ಅವಳ ದನಿ ಶಾಂತವಾಗಿತ್ತು, ಅದೇ ಹೆದರಿಕೆ ಹುಟ್ಟಿಸಿತು.

"ಅಣ್ಣಾರ, ಅಲುಗಿದವ್ರ ಮುಖ ಅಲುಗತೈತಿ ಅಂದ್ರಿ. ನಾ ಅಲುಗಿಲ್ರಿ, ಉಸುರು ಸೈತ ಬಿಟ್ಟಿಲ್ಲ. ಕ್ಯಾಮೆರಾ ಅಲುಗಂಗಿಲ್ಲ ಅಂತ ನೀವ ಹೇಳಿದ್ರಿ. ಹಂಗಾರ ಅಲುಗಿದವ್ರು ಯಾರು?"

ಯಜಮಾನರು ಮೇಜು ಬಿಟ್ಟು ನನ್ನ ಬಳಿಗೆ ಸರಿದರು, ಅವಳು ಮುಂದುವರಿಸಿದಳು.

"ನನ್ನ ಕೂಸು ಅಲುಗೈತ್ರಿ. ತೊಡಿ ಮ್ಯಾಲೆ ಅದು ಮಿಸುಕಿದ್ದಕ್ಕ ನನ್ನ ಮುಖಾನೂ ಅಲುಗೈತಿ. ಜೀವ ಇದ್ದ ಕೂಸಿಗೆ ಮಣ್ಣು ಕೊಟ್ಟೀವಿ ನಾವು."

"ಇಲ್ಲವ್ವಾ, ಪ್ಲೇಟು... ಪ್ಲೇಟು ಹಳೇದಿತ್ತು" ಎಂದರು ಯಜಮಾನರು. ಎರಡು ಕೈಯಿಂದ ನನ್ನನ್ನು ಹಿಡಿದಿದ್ದರು. ನಿಜವೆಂದು ತಾವು ನಂಬಿದ್ದನ್ನು ಬಾಯಿಬಿಟ್ಟು ಹೇಳಿದರೆ ಅನ್ನ ಹೋಗುತ್ತದೆ. ಬಾಳವ್ವ ಫೋಟೊ ಎತ್ತಿಕೊಂಡು ಇಳಿದು ಹೋದಳು.

ಅವತ್ತು ಸಂಜೆಯೊಳಗೆ ಸುದ್ದಿ ಬಂತು. ಅವಳು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಕೈಯಿಂದ ನೆಲ ಕೆದರುತ್ತಿದ್ದಳಂತೆ, ಉಗುರೆಲ್ಲ ಕಿತ್ತು ರಕ್ತವಂತೆ. ಎಳೆದು ತಂದು ಮನೆಯಲ್ಲಿ ಕೂಡಿಸಿದರೆ, "ತಗೀರಿ, ಒಮ್ಮೆ ತಗದು ನೋಡೂಣು" ಎಂಬುದೊಂದೇ ಮಾತಂತೆ. ಮರುದಿನವೂ ಅದೇ. ಹೀಗೇ ಬಿಟ್ಟರೆ ಬುದ್ಧಿ ಉಳಿಯುವುದಿಲ್ಲ ಎಂದು ಜನ ಮಾತಾಡಿಕೊಂಡರು. ಯಜಮಾನರು ಎರಡು ದಿನ ಅನ್ನದ ತಟ್ಟೆಯ ಮುಂದೆ ಕೂತು ಎದ್ದರು. ಮೂರನೆಯ ದಿನ ಬೆಳಿಗ್ಗೆ ಪ್ಲೇಟು ತೆಗೆದು, ಏನನ್ನೂ ಅಳಿಸದೆ, ಪೂರ್ತಿ ಫೋಟೊ ದೊಡ್ಡದಾಗಿ ಅಚ್ಚು ಹಾಕಿದರು. ಅದನ್ನೂ, ಕ್ಯಾಮೆರಾವನ್ನೂ, ನನ್ನನ್ನೂ ಹೊತ್ತು ಹೊರಟರು.

ಬಾಳವ್ವ ಅದೇ ಕಂಬಕ್ಕೆ ಒರಗಿದ್ದಳು, ಕೈಗೆ ಬಟ್ಟೆ ಸುತ್ತಿತ್ತು. ಮುರಿಗೆಪ್ಪ ಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತಿದ್ದ. ನೆರೆಯವರು ಬಾಗಿಲಲ್ಲಿ ನೆರೆದರು. ಯಜಮಾನರು ಎಲ್ಲರ ಎದುರಿಗೆ ಎರಡೂ ಕೈ ಮುಂದೆ ಚಾಚಿದರು. ಇಷ್ಟು ವರ್ಷ ಮುಚ್ಚಿಟ್ಟದ್ದು ಗಾಳಿಗೆ ಸಿಕ್ಕ ಎಲೆಯ ಹಾಗೆ ಬಯಲಲ್ಲಿ ನಡುಗಿತು.

"ನೋಡ ತಂಗಿ. ಅಲುಗಿದ್ದು ಈ ಕೈ. ನಿನ್ನ ಕೂಸಲ್ಲ. ಇದನ್ನೂ ನೋಡು, ಪೂರಾ ಫೋಟೊ. ಕಂಬಾನೂ ಅಲುಗೈತಿ, ಗ್ವಾಡಿನೂ ಅಲುಗೈತಿ. ಕಂಬಕ್ಕ ಜೀವ ಇರತೈತೇನವ್ವ?"

ಬಾಳವ್ವ ಫೋಟೊವನ್ನು ಬಹಳ ಹೊತ್ತು ನೋಡಿದಳು.

"ಅವತ್ತಿನ ಫೋಟೊದಾಗ ಇಡೀ ಗ್ವಾಡಿ ಅಳಿಸಿದ್ರಿ. ಗ್ವಾಡಿ ಅಳಿಸಾಕ ಬರೂವ್ರಿಗೆ ಕಂಬ ಅಲುಗಸಾಕ ಬರಂಗಿಲ್ಲೇನು? ನನ್ನ ಸಮಾಧಾನಕ್ಕ ಹೇಳಾಕ ಬಂದೀರಿ. ಕೈ ನಡುಗಿದ್ರ ಮುಚ್ಚಳ ನಡುಗತೈತಿ. ಎತ್ತು ಹಾಯ್ದರೂ ಅಲುಗಂಗಿಲ್ಲ ಅಂತ ಊರಿಗೆಲ್ಲ ಹೇಳತಿದ್ರಿ, ಅದು ನಿಮ್ಮ ಕೈಗೆ ಅಲುಗತೈತೇನ್ರಿ?"

ಯಜಮಾನರು ಸೋತರು. ಮರ್ಯಾದೆ, ಅನ್ನ ಎರಡನ್ನೂ ನಡುಮನೆಯಲ್ಲಿ ಸುರಿದರೂ ಅವಳು ನಂಬಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. "ಹಂಗಾರ ಮಾಡೇ ತೋರಸತೀನಿ" ಎಂದು ನನ್ನ ಕಾಲು ಬಿಡಿಸಿ ಅದೇ ಜಾಗದಲ್ಲಿ ನಿಲ್ಲಿಸಿ, ಕ್ಯಾಮೆರಾ ಏರಿಸಿ, ಕರಿ ಬಟ್ಟೆ ಹಾಕಿ ಮುಂದೆ ಹೋದರು. ಕುಣಿಯ ಅಂಚಿನ ಮಣ್ಣು ಅಂದಿನ ಹಾಗೇ ಮೆದು. ನನ್ನ ಹಿಂದಿನ ಕಾಲು ಜಾರಿತು. ಕುಣಿಯಲ್ಲೇ ಕೂತಿದ್ದ ಮುರಿಗೆಪ್ಪ ಲಾಳಿ ಬಿಟ್ಟು, ಬಗ್ಗಿ, ಎರಡೂ ಕೈಯಿಂದ ಅದನ್ನು ಹಿಡಿದ.

ಯಜಮಾನರ ಕೈ ಮುಚ್ಚಳದ ಮೇಲೇ ನಿಂತಿತು.

"ಮುರಿಗೆಪ್ಪ, ಅವತ್ತೂ ಹಿಡಿದಿದ್ದೇನು?"

"ಹೂಂರಿ. ಜಾರತಿತ್ತು. ಫೋಟೊ ಕೆಟ್ಟೀತು ಅಂತ ಹಿಡಕೊಂಡಿದ್ದೆ."

ತಾನು ಏನು ಹೇಳಿದೆನೆಂದು ಆಮೇಲೆ ಅವನಿಗೆ ಹೊಳೆಯಿತು. ಕೈ ಬಿಡಲಿಲ್ಲ, ತಲೆ ಮಾತ್ರ ಕರಿ ಬಟ್ಟೆಯೊಳಗೆ ತಾನಾಗಿ ಇಳಿಯಿತು. ಮತ್ತೆ ಆ ಬಿಕ್ಕು ಶುರುವಾಯಿತು. ನಾನು ತಡೆಯಲು ಹೋಗಲಿಲ್ಲ. ಬರಲಿ, ಇಷ್ಟೂ ಬರಲಿ, ಅವಳಿಗೆ ಕಾಣಲಿ ಎಂದು ಬಾಳಿನಲ್ಲಿ ಮೊದಲ ಸಲ ಮೈ ಸಡಿಲ ಬಿಟ್ಟೆ. ತಲೆಯ ಮೇಲಿನ ಕ್ಯಾಮೆರಾದ ಗಾಜು ಬೆಳಕಿಗೆ ಮಿಣಮಿಣ ಅಲುಗಿತು.

ಬಾಳವ್ವ ಎದ್ದು ಬಂದಳು. ಬಟ್ಟೆ ಸುತ್ತಿದ ಅಂಗೈಯನ್ನು ನನ್ನ ಹಿತ್ತಾಳೆಯ ತಟ್ಟೆಯ ಮೇಲಿಟ್ಟಳು. ಹಾಗೇ ನಿಂತಳು. ಅವಳ ಗಂಡನ ಅಳು ಮರದೊಳಗಿಂದ ಏರಿ ಅವಳ ಅಂಗೈಗೆ ಬಡಿಯುತ್ತಿತ್ತು.

"ನೀವೂ ಅತ್ತಿದ್ರೇನು?" ಎಂದಳು. ಬಟ್ಟೆಯೊಳಗೆ ಅವನ ತಲೆ ಹೂಂ ಎಂಬಂತೆ ಅಲುಗಿತು.

"ಹಂಗಾರ ನನ್ನ ಕೂಸು ಅಲುಗಿಲ್ಲ" ಎಂದಳು ಬಾಳವ್ವ. ಇನ್ನೊಮ್ಮೆ, ತನಗೇ ಹೇಳಿಕೊಳ್ಳುವ ಹಾಗೆ, "ಅಲುಗಿಲ್ಲ. ಅದು ಹೋಗಿಬಿಟ್ಟಿತ್ತು." ಆಮೇಲೆ ಕುಣಿಯೊಳಗೆ ಇಳಿದು ಗಂಡನ ಪಕ್ಕ ಕೂತು ಕೂಗಿ ಕೂಗಿ ಅತ್ತಳು. ಮಗಳು ಬದುಕಿರಬಹುದೆಂಬ ಆ ಭಯಂಕರ ಆಸೆಯೂ ಅವತ್ತು ಅವಳ ಕೈಬಿಟ್ಟಿತು.

ಯಜಮಾನರಿಗೆ ತಮ್ಮ ಕೈಯ ತಪ್ಪಲ್ಲವೆಂದು ಗೊತ್ತಾಯಿತು, ಆದರೆ ಅಷ್ಟು ಹೊತ್ತಿಗೆ ಊರೆಲ್ಲ ಆ ಕೈಯನ್ನು ನೋಡಿಯಾಗಿತ್ತು. ಮದುವೆಯವರು ಬಜಾರಿನ ಆ ತುದಿಗೆ ಹೋದರು. ಸ್ಟುಡಿಯೊ ಮುಚ್ಚುವ ದಿನ ಯಜಮಾನರು ಕ್ಯಾಮೆರಾ ಮಾರಿದರು, ನನ್ನನ್ನು ಮಾರಲಿಲ್ಲ. ಹೊತ್ತು ತಂದು ಮುರಿಗೆಪ್ಪನ ಮನೆಯಲ್ಲಿ ನಿಲ್ಲಿಸಿ, ನನ್ನ ಕಾಲನ್ನು ಒಮ್ಮೆ ಸವರಿ ಹೋದರು. ಮತ್ತೆ ಅವರನ್ನು ನಾನು ಕಾಣಲಿಲ್ಲ.

ಈಗ ಕುಣಿ ಮುಚ್ಚಿ ಸಿಮೆಂಟು ಹಾಕಿದ್ದಾರೆ. ಆಮೇಲೆ ಹುಟ್ಟಿದ ಮಗ ಉಳಿದ. ಅವನ ಮಕ್ಕಳು ಮನೆ ತುಂಬ ಓಡಾಡುತ್ತ ಮೊಬೈಲಿನಲ್ಲಿ ಬೆಕ್ಕಿನದು, ರೊಟ್ಟಿಯದು, ತಮ್ಮ ನಾಲಗೆಯದು ಎಲ್ಲದರ ಫೋಟೊ ತೆಗೆಯುತ್ತಾರೆ. ಓಡುತ್ತಲೇ ತೆಗೆದರೂ ಅಲುಗುವುದಿಲ್ಲ. ನನ್ನ ತಿರುಪು ತುಕ್ಕು ಹಿಡಿದಿದೆ, ಒಂದು ಕಾಲಿಗೆ ಹಗ್ಗ ಕಟ್ಟಿದ್ದಾರೆ, ತಲೆಯ ಮೇಲೆ ಟೇಬಲ್ ಫ್ಯಾನು ಕೂತಿದೆ. ಎದುರಿನ ಗೋಡೆಗೆ ಆ ಪೂರ್ತಿ ಫೋಟೊ, ಕಟ್ಟು ಹಾಕಿಸಿದ್ದು.

ಮಧ್ಯಾಹ್ನ ಬೆಳಕು ಬಂದಾಗ ಬಾಳವ್ವ ಅದನ್ನು ಇಳಿಸಿಕೊಂಡು ಬಾಗಿಲ ಬಳಿ ಕೂಡುತ್ತಾಳೆ. ಕಣ್ಣಿನ ಹತ್ತಿರ ತರುತ್ತಾಳೆ, ದೂರ ಹಿಡಿಯುತ್ತಾಳೆ.

"ಏನ್ರಿ, ಇಕಿ ಹುಬ್ಬಿಗೆ ಲಾಳಿ ಬಡದು ಗಾಯದ ಕಲಿ ಆಗಿತ್ತಲ್ಲ, ಅದು ಎಡಕಿತ್ತೋ ಬಲಕಿತ್ತೋ?"

"ಎಡಕ" ಎನ್ನುತ್ತಾನೆ ಮುರಿಗೆಪ್ಪ. ಫೋಟೊದ ಮೇಲೆ ಬಗ್ಗಿ ನೋಡಿ, "ಬಲಕಿರಬೇಕು ನೋಡು."

ಫೋಟೊದಲ್ಲಿ ಹುಬ್ಬೇ ಇಲ್ಲ, ಹುಬ್ಬಿದ್ದ ಜಾಗದಲ್ಲಿ ಒಂದು ಮಸುಕು. ಅವಳು ಅದರ ಮೇಲೆ ಬೆರಳಾಡಿಸುತ್ತಾಳೆ.

ಬಲಕ್ಕಿತ್ತು, ಬಾಳವ್ವಾ. ಬಲ ಹುಬ್ಬಿನ ತುದಿಗೆ, ಅಕ್ಕಿಕಾಳಿನಷ್ಟು. ಅವತ್ತು ಅಷ್ಟು ಹೊತ್ತು ಎದುರಿಗೆ ನಿಂತು ನೋಡಿದವನು ನಾನು. ಇಲ್ಲೇ ಇದ್ದೇನೆ, ನಿನ್ನ ಪಕ್ಕದಲ್ಲೇ. ಆದರೆ ಹೇಗೆ ಹೇಳಲಿ?

ಅವಳು ಸೆರಗಿನಿಂದ ಗಾಜು ಒರೆಸಿ ಫೋಟೊವನ್ನು ಮತ್ತೆ ಮೊಳೆಗೆ ಹಾಕುತ್ತಾಳೆ. ನಾಳೆ ಮತ್ತೆ ಕೇಳುತ್ತಾಳೆ.